ಕ್ರಿಮಿನಲ್ ಕಾನೂನಿನ ಬುನಾದಿ ಕಲಿಯಲು ಯಾವ ದಾರಿ ಹಿಡಿಯಬೇಕು?

ಪಿಯುಸಿ ಫಲಿತಾಂಶ ಬಂದ ವಾರ ನನ್ನ ಆಫೀಸಿನ ಬೆಂಚಿನ ಮೇಲೆ ಕಕ್ಷಿದಾರರ ನಡುವೆ ಅಪ್ಪ-ಮಕ್ಕಳೂ ಬಂದು ಕೂರುತ್ತಾರೆ. ಜಿಲ್ಲಾ ನ್ಯಾಯಾಲಯದಲ್ಲಿ ಕ್ರಿಮಿನಲ್ ಕೇಸು ನಡೆಸುತ್ತೇನೆ, ವಾರಕ್ಕೆ ಮೂರು ದಿನ ಬೆಳಿಗ್ಗೆ ಲಾ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹಾಗಾಗಿ ಈ ಪ್ರಶ್ನೆ ನನ್ನ ಬಾಗಿಲಿಗೆ ಬರುತ್ತದೆ. ಈ ಸಲ ಒಂದೇ ವಾರದಲ್ಲಿ ಮೂವರು ಬಂದರು. ಮೊದಲನೆಯವರು ಹಾವೇರಿ ಕಡೆಯ ರೈತರು. ಮಗಳು ಪಿಯುಸಿ ಕಲಾ ವಿಭಾಗದಲ್ಲಿ ಒಳ್ಳೆಯ ಅಂಕ ತೆಗೆದಿದ್ದಾಳೆ. "ಕ್ರಿಮಿನಲ್ ವಕೀಲಿ ಮಾಡ್ತೀನಿ ಅಂತಾಳ್ರೀ, ಎಲ್ಲಿ ಹಾಕ್ಬೇಕು ಹೇಳ್ರಿ" ಎಂದರು. ಎರಡನೆಯವರು ಬಿಕಾಂ ಮಾಡಿ ಬ್ಯಾಂಕಿನಲ್ಲಿರುವ ಮೂವತ್ನಾಲ್ಕರ ಗುಮಾಸ್ತರು. ಮೂರನೆಯವನು ಒಬ್ಬ ಕಾನ್‌ಸ್ಟೆಬಲ್. ಅವನಿಗೆ ಡಿಗ್ರಿಯ ಆಸೆ ಇಲ್ಲ. "ಎಫ್‌ಐಆರ್‌ನಲ್ಲಿ ಕಲಂ ಹಾಕ್ತೀವಿ ಸರ್, ಯಾಕೆ ಅದೇ ಕಲಂ ಅಂತ ಕೇಳಿದರೆ ನನಗೆ ಹೇಳೋಕೆ ಬರಲ್ಲ" ಎಂದ.

ಮೂವರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಆದರೆ ಮೂವರೂ ಮೊದಲು ತಿಳಿಯಬೇಕಾದದ್ದು ಒಂದೇ: ಬುನಾದಿ ಎಂದರೆ ಇಲ್ಲಿ ಏನು?

1876ರಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಗೋವಿಂದ ಎಂಬ ಹದಿನೆಂಟರ ಹುಡುಗನ ಕೇಸು ಬಂತು. ಹದಿನೈದರ ಹೆಂಡತಿಯನ್ನು ಕೆಡವಿ, ಎದೆಯ ಮೇಲೆ ಮೊಣಕಾಲೂರಿ, ಮುಖಕ್ಕೆ ಎರಡು ಮೂರು ಸಲ ಮುಷ್ಟಿಯಿಂದ ಗುದ್ದಿದ್ದ. ಮಿದುಳಿನಲ್ಲಿ ರಕ್ತಸ್ರಾವವಾಗಿ ಆಕೆ ಸತ್ತಳು. ಹೊಡೆದದ್ದು ನಿಜ, ಸತ್ತದ್ದೂ ನಿಜ. ಅದು ಕೊಲೆಯೇ? ನ್ಯಾಯಮೂರ್ತಿ ಮೆಲ್ವಿಲ್ ಅಲ್ಲ ಎಂದರು. ಕೊಲ್ಲುವ ಉದ್ದೇಶ ಅವನಿಗಿರಲಿಲ್ಲ. ಆ ಪೆಟ್ಟು ಸಹಜಕ್ರಮದಲ್ಲಿ ಸಾವು ತರಲು ಸಾಕಾಗುವಂಥದ್ದಲ್ಲ, ಸಾವು ಬರಬಹುದಾದಂಥದ್ದು. ಆದ್ದರಿಂದ ಅದು ಕೊಲೆ ಎನಿಸದ ಅಪರಾಧಿಕ ಮಾನವಹತ್ಯೆ. 'ಸಾಕಾಗುವ' ಮತ್ತು 'ಬರಬಹುದಾದ' ಎಂಬ ಎರಡು ಮಾತಿನ ನಡುವಿನ ಕೂದಲೆಳೆಯ ಅಂತರದಲ್ಲಿ ಒಬ್ಬ ಮನುಷ್ಯನ ಕುತ್ತಿಗೆ ಉಳಿಯಿತು.

ಈ ಕೇಸನ್ನು ಬಾಯಿಪಾಠ ಮಾಡಿ ಹತ್ತು ಅಂಕ ತೆಗೆಯಬಹುದು. ಆದರೆ ಕಲಿಕೆ ಶುರುವಾಗುವುದು ಮೇಷ್ಟ್ರು ಕಥೆಯನ್ನು ಬದಲಿಸಿದಾಗ. ಅವನ ಕೈಯಲ್ಲಿ ಕಲ್ಲಿದ್ದರೆ? ಹೆಂಡತಿಗೆ ಹೃದಯದ ಕಾಯಿಲೆ ಇರುವುದು ಅವನಿಗೆ ಗೊತ್ತಿದ್ದರೆ? ಗೊತ್ತಿಲ್ಲದಿದ್ದರೆ? ಅಣ್ಣ ಪಕ್ಕದಲ್ಲಿ ನಿಂತು 'ಹೊಡಿ' ಎಂದಿದ್ದರೆ? ಆಕೆ ಮೊದಲು ಕುಡುಗೋಲು ಎತ್ತಿದ್ದರೆ? ಒಂದೊಂದು ಪ್ರಶ್ನೆಯೂ ಒಂದೊಂದು ತತ್ತ್ವಕ್ಕೆ ಕರೆದೊಯ್ಯುತ್ತದೆ: ಕೃತ್ಯ, ಅದರ ಹಿಂದಿನ ಮನಸ್ಸು, ಕೃತ್ಯಕ್ಕೂ ಪರಿಣಾಮಕ್ಕೂ ಇರುವ ಕೊಂಡಿ, ಸಮಾನ ಉದ್ದೇಶ, ಕುಮ್ಮಕ್ಕು, ಯತ್ನ, ಆತ್ಮರಕ್ಷಣೆ. ಇಷ್ಟೇ ಬುನಾದಿ. ಕಳವು, ವಂಚನೆ, ದರೋಡೆ ಎಲ್ಲವೂ ಇದರ ಮೇಲೆ ಕಟ್ಟಿದ ಗೋಡೆಗಳು. ಎಲ್ಲಿ ಓದಿದರೂ ಸರಿ, ಹೀಗೆ ಕಥೆ ಬದಲಿಸಿ ಕೇಳುವವರು ಎದುರಿಗಿರಬೇಕು. ಉಳಿದ ಅಳತೆಗೋಲುಗಳಿಗಿಂತ ನಾನು ಇದಕ್ಕೇ ಹೆಚ್ಚು ತೂಕ ಕೊಡುತ್ತೇನೆ.

ಅಳೆಯುವುದು ಹೇಗೆ

ಮೊದಲ ಪ್ರಶ್ನೆ, ನಿಮಗೆ ಸನ್ನದು ಬೇಕೋ, ಅರಿವು ಸಾಕೋ? ಕರಿಕೋಟು ಹಾಕಿ ವಾದಿಸಬೇಕಿದ್ದರೆ ಬಾರ್ ಕೌನ್ಸಿಲ್ ಒಪ್ಪಿದ ಕಾಲೇಜಿನ ಎಲ್‌ಎಲ್‌ಬಿ ಬಿಟ್ಟರೆ ಬೇರೆ ದಾರಿಯಿಲ್ಲ. ಅಂಚೆ ತೆರಪಿನ, ದೂರಶಿಕ್ಷಣದ ಎಲ್‌ಎಲ್‌ಬಿಗೆ ಸನ್ನದು ಸಿಗುವುದಿಲ್ಲ. ಯಾರಾದರೂ ಸಿಗುತ್ತದೆ ಎಂದು ಹೇಳಿ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಎರಡನೆಯದು ಆಗಲೇ ಹೇಳಿದ್ದು, ಎದುರಿಗೆ ಕೂತು ಪ್ರಶ್ನೆ ಕೇಳುವವರು. ಮೂರನೆಯದು ಭಾಷೆ. ನಾಲ್ಕನೆಯದು ಸಮಯ. ವರ್ಷಗಳ ಲೆಕ್ಕವೊಂದೇ ಸಾಲದು, ಬಾರ್ ಕೌನ್ಸಿಲ್ ನಿಯಮದಂತೆ ಪ್ರತಿ ವಿಷಯದಲ್ಲೂ ಶೇ. 70 ಹಾಜರಾತಿ ಬೇಕು. ಐದನೆಯದು ಹಣ. ಶುಲ್ಕದ ಜೊತೆ ಊಟ-ವಸತಿಯನ್ನೂ, ಡಿಗ್ರಿ ಮುಗಿದ ಮೇಲೆ ಸೀನಿಯರ್ ಬಳಿ ಕೈಗೆ ಹೆಚ್ಚೇನೂ ಸಿಗದ ಮೊದಲ ಎರಡು ಮೂರು ವರ್ಷಗಳನ್ನೂ ಸೇರಿಸಿ ಲೆಕ್ಕ ಹಾಕಿ. ಈ ಕೊನೆಯದನ್ನು ಬಹಳ ಮನೆಗಳಲ್ಲಿ ಮರೆಯುತ್ತಾರೆ.

ಇನ್ನೊಂದು ಹೊಸ ಅಳತೆಗೋಲು ಈಗ ಬಂದಿದೆ. 2024ರ ಜುಲೈ 1ರಿಂದ 1860ರ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. 511 ಕಲಂಗಳಿದ್ದದ್ದು 358 ಆಯಿತು. ಕೊಲೆಯ ಶಿಕ್ಷೆ 302ರಿಂದ 103ಕ್ಕೆ, ವಂಚನೆ 420ರಿಂದ 318ಕ್ಕೆ ಹೋಯಿತು. ಗೋವಿಂದನ ಕೇಸಿನಲ್ಲಿ ಚರ್ಚೆಗೆ ಬಂದ ಅಪರಾಧಿಕ ಮಾನವಹತ್ಯೆಯ 299 ಮತ್ತು ಕೊಲೆಯ 300 ಈಗ 100 ಮತ್ತು 101. ಆದರೆ ಆ ದಿನಕ್ಕಿಂತ ಮೊದಲು ನಡೆದ ಅಪರಾಧಕ್ಕೆ ಹಳೆಯ ಸಂಹಿತೆಯೇ ಅನ್ವಯ. ನನ್ನ ಮೇಜಿನ ಮೇಲೆ ಇವತ್ತಿಗೂ 302ರ ಕಡತವೂ ಇದೆ, 103ರ ಕಡತವೂ ಇದೆ. ನೂರೈವತ್ತು ವರ್ಷಗಳ ತೀರ್ಪುಗಳೆಲ್ಲ ಹಳೆಯ ಸಂಖ್ಯೆಯಲ್ಲೇ ಮಾತಾಡುತ್ತವೆ. ಆದ್ದರಿಂದ ಹೊಸದನ್ನಷ್ಟೇ ಕಲಿಸುವ ಕಾಲೇಜೂ ಬೇಡ, ಹಳೆಯ ನೋಟ್ಸನ್ನೇ ಓದಿಸುವ ಕಾಲೇಜೂ ಬೇಡ. ಎರಡನ್ನೂ ಅಕ್ಕಪಕ್ಕ ಇಟ್ಟು ಕಲಿಸುವವರನ್ನು ಹುಡುಕಿ.

ಪಿಯುಸಿ ಆದ ಮೇಲೆ ಐದು ವರ್ಷ

ಬಿಎ, ಬಿಬಿಎ ಅಥವಾ ಬಿಕಾಂ ಜೊತೆ ಎಲ್‌ಎಲ್‌ಬಿ ಸೇರಿದ ಕೋರ್ಸು ಇದು. 2009ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿ ಹೆಚ್ಚುಕಡಿಮೆ ಪ್ರತಿ ಜಿಲ್ಲೆಯಲ್ಲೂ ಕಾಲೇಜು ಸಿಗುತ್ತದೆ. ಪ್ರವೇಶ ಪರೀಕ್ಷೆ ಇಲ್ಲ. ಪಿಯುಸಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40 ಇದ್ದರೆ ಅರ್ಹತೆ. ಸರ್ಕಾರಿ ಮತ್ತು ಅನುದಾನಿತ ಕಾಲೇಜಿನ ಶುಲ್ಕ ಸಾವಿರಗಳ ಲೆಕ್ಕದಲ್ಲಿ ಮುಗಿಯುತ್ತದೆ, ಖಾಸಗಿಯದು ಲಕ್ಷ ಮುಟ್ಟಿ ದಾಟುತ್ತದೆ.

ಇದರ ದೊಡ್ಡ ಲಾಭ ಕಾಲ. ಮೊದಲ ಸೆಮಿಸ್ಟರ್‌ಗಳಲ್ಲಿ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ ಹೆಚ್ಚು, ಅಪರಾಧ ಕಾನೂನು ಆಮೇಲೆ ಬರುತ್ತದೆ. ಇದು ವ್ಯರ್ಥವೆಂದು ಹುಡುಗರು ಗೊಣಗುತ್ತಾರೆ, ನಾನು ಒಪ್ಪುವುದಿಲ್ಲ. ಶಿಕ್ಷೆ ಯಾಕೆ ಕೊಡುತ್ತೇವೆ, ಏಳು ವರ್ಷದೊಳಗಿನ ಮಗುವನ್ನು ಅಪರಾಧಿ ಎನ್ನದಿರುವುದು ಯಾಕೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ಸಮಾಜಶಾಸ್ತ್ರ ಕೈ ಹಿಡಿಯುತ್ತದೆ.

ತೊಡಕಿರುವುದು ಭಾಷೆಯಲ್ಲಿ. ಐದು ವರ್ಷದ ಕೋರ್ಸು ನಡೆಯುವುದು ಮುಖ್ಯವಾಗಿ ಇಂಗ್ಲಿಷಿನಲ್ಲಿ. ಹತ್ತನೇ ತರಗತಿಯವರೆಗೆ, ಕೆಲವೊಮ್ಮೆ ಪಿಯುಸಿಯವರೆಗೂ ಕನ್ನಡದಲ್ಲೇ ಓದಿ ಬಂದ ಮಗುವಿಗೆ ಮೊದಲ ವರ್ಷ ಏರು ಹತ್ತಿದಂತಾಗುತ್ತದೆ. ನನ್ನ ತರಗತಿಯಲ್ಲಿ ತರ್ಕ ಎಲ್ಲರಿಗಿಂತ ಚೆನ್ನಾಗಿದ್ದೂ, ಇಂಗ್ಲಿಷಿಗೆ ಹೆದರಿ ಬಾಯಿ ತೆರೆಯದ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ. ಇಂಥವರು ಮೊದಲ ವರ್ಷವೇ ದಿನಕ್ಕೆ ಒಂದು ಕಲಂ ಇಂಗ್ಲಿಷಿನಲ್ಲಿ ಓದಿ, ಅದನ್ನೇ ಮನೆಯವರಿಗೆ ಕನ್ನಡದಲ್ಲಿ ವಿವರಿಸುವ ಅಭ್ಯಾಸ ಇಟ್ಟುಕೊಳ್ಳಲಿ. ಅಜ್ಜಿಗೆ ಅರ್ಥವಾಗುವಂತೆ ಆತ್ಮರಕ್ಷಣೆಯ ಹಕ್ಕನ್ನು ಹೇಳಲು ಬಂತೆಂದರೆ ಆ ಪಾಠ ಬಂದಂತೆಯೇ.

ರಾಷ್ಟ್ರೀಯ ಕಾನೂನು ಶಾಲೆಗಳು

ಇದೇ ಐದು ವರ್ಷ, ಆದರೆ ಬಾಗಿಲು ಕಿರಿದು. ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 1988ರಲ್ಲಿ ತರಗತಿ ಶುರುವಾಯಿತು. ದೇಶದ ಬೇರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆಲ್ಲ ಅದೇ ಮಾದರಿ. ಒಳಹೋಗಲು ಕ್ಲಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಎರಡು ಗಂಟೆ, 120 ಪ್ರಶ್ನೆ, ಎಲ್ಲವೂ ಇಂಗ್ಲಿಷ್ ಗದ್ಯಭಾಗಗಳ ಮೇಲೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಡಿಗ್ರಿ ಮುಗಿಸಿದವರಿಗೆ ಬೆಂಗಳೂರಿನ ಶಾಲೆ 2022ರಿಂದ ಮೂರು ವರ್ಷದ ಎಲ್‌ಎಲ್‌ಬಿಯನ್ನೂ ನಡೆಸುತ್ತಿದೆ, ಅದಕ್ಕೆ ಬೇರೆಯದೇ ಪ್ರವೇಶ ಪರೀಕ್ಷೆ.

ಕಥೆ ಬದಲಿಸಿ ಕೇಳುವ ಪಾಠಕ್ರಮ ಇಲ್ಲಿ ಗಟ್ಟಿ. ತೀರ್ಪನ್ನು ಪೂರ್ತಿ ಓದಿ ಬಾರದಿದ್ದರೆ ತರಗತಿಯಲ್ಲಿ ಕೂರುವುದೇ ಕಷ್ಟ. ಗ್ರಂಥಾಲಯ, ಮೂಟ್ ಕೋರ್ಟ್ ಎಂಬ ಅಣಕು ನ್ಯಾಯಾಲಯದ ಅಭ್ಯಾಸ, ಜೊತೆಗಾರರ ಮಟ್ಟ ಎಲ್ಲವೂ ಮೇಲು. ಹಣ ವರ್ಷಕ್ಕೆ ಲಕ್ಷಗಳ ಲೆಕ್ಕ. ವಿದ್ಯಾರ್ಥಿವೇತನ, ಶುಲ್ಕ ರಿಯಾಯಿತಿ ಇರುತ್ತದೆ, ಸೀಟು ಸಿಕ್ಕ ದಿನವೇ ಅದಕ್ಕೆ ಅರ್ಜಿ ಹಾಕಬೇಕು. ಒಂದು ಮಾತು ಮಾತ್ರ ಮನಸ್ಸಿನಲ್ಲಿರಲಿ. ಸಾಲ ಮಾಡಿ ಓದಿದ ಮಗು ಸಾಲ ತೀರಿಸಲು ದೊಡ್ಡ ಕಂಪನಿಯ ಕಾನೂನು ವಿಭಾಗಕ್ಕೋ, ದೊಡ್ಡ ಲಾ ಫರ್ಮಿಗೋ ಹೋಗಬೇಕಾಗುತ್ತದೆ. ಸೆಷನ್ಸ್ ಕೋರ್ಟಿನಲ್ಲಿ ಬಡ ಆರೋಪಿಯ ಪರ ನಿಲ್ಲುವ ಆಸೆ ಆ ಸಾಲದ ಕೆಳಗೆ ಹೂತುಹೋಗಬಾರದು. ಹಾವೇರಿಯ ಹುಡುಗಿಗೆ ಈ ಮಾತು ಹೇಳಿದಾಗ ಅವಳಪ್ಪ ಬಹಳ ಹೊತ್ತು ಸುಮ್ಮನಿದ್ದರು. ಅವಳು ಮಾತ್ರ "ಒಂದ್ಸಲ ಪರೀಕ್ಷೆ ಬರೀತೀನಿ, ಆಗಲಿಲ್ಲಂದ್ರ ಧಾರವಾಡ-ಹುಬ್ಬಳ್ಳಿ ಇದ್ದೇ ಐತಲ್ರೀ" ಎಂದಳು. ಸರಿಯಾದ ಲೆಕ್ಕ. ಕ್ಲಾಟ್‌ಗೆಂದು ಒಂದಿಡೀ ವರ್ಷ ಮನೆಯಲ್ಲಿ ಕೂರುವುದು ಎಲ್ಲರಿಗೂ ಹೊಂದದು. ಕಾಲೇಜಿಗೆ ಸೇರಿಕೊಂಡೇ ಒಮ್ಮೆ ಬರೆಯಬಹುದು.

ಡಿಗ್ರಿ ಆದ ಮೇಲೆ ಮೂರು ವರ್ಷ

ಜಿಲ್ಲಾ ನ್ಯಾಯಾಲಯದಲ್ಲಿ ವಕೀಲಿ ಮಾಡುವ ಗುರಿ ಇದ್ದು, ಕನ್ನಡದಲ್ಲೇ ಯೋಚಿಸುವವರಾದರೆ ನಾನು ಮೊದಲು ತೋರಿಸುವುದು ಈ ದಾರಿ. ರಾಜ್ಯ ಕಾನೂನು ವಿಶ್ವವಿದ್ಯಾಲಯದ ಮೂರು ವರ್ಷದ ಎಲ್‌ಎಲ್‌ಬಿ ಪರೀಕ್ಷೆಯನ್ನು ಪೂರ್ತಿ ಕನ್ನಡದಲ್ಲಿ ಬರೆಯಬಹುದು. ಕೆಳ ನ್ಯಾಯಾಲಯಗಳ ಭಾಷೆ ಕನ್ನಡ. ಸಾಕ್ಷಿ ಹೇಳುವುದು, ಪಾಟಿಸವಾಲು ನಡೆಯುವುದು, ಪಂಚನಾಮೆ ಬರೆಯುವುದು ಎಲ್ಲ ಕನ್ನಡದಲ್ಲಿ. 'ಹೊಡೆದ' ಎಂಬುದಕ್ಕೂ 'ಬಡಿದ' ಎಂಬುದಕ್ಕೂ ನಮ್ಮೂರ ಸಾಕ್ಷಿಯ ಬಾಯಲ್ಲಿರುವ ವ್ಯತ್ಯಾಸ ಹಿಡಿಯುವವನಿಗೆ ಆರೋಪಿಯ ಉದ್ದೇಶ ಹಿಡಿಯಲೂ ಬರುತ್ತದೆ. ಹೈಕೋರ್ಟಿನ ಭಾಷೆ ಇಂಗ್ಲಿಷ್ ಎಂಬುದನ್ನು ಮರೆಯಬೇಡಿ. ಕನ್ನಡದಲ್ಲಿ ಪರೀಕ್ಷೆ ಬರೆದರೂ ತೀರ್ಪುಗಳನ್ನು ಇಂಗ್ಲಿಷಿನಲ್ಲೇ ಓದುವ ಅಭ್ಯಾಸ ಬೇಕೇ ಬೇಕು.

ಪ್ರಶ್ನೆಪತ್ರಿಕೆಯ ಬಗ್ಗೆ ಒಂದು ಕಿವಿಮಾತು. ನಾನು ಕಂಡ ಪತ್ರಿಕೆಗಳಲ್ಲಿ ಪ್ರತಿ ಯೂನಿಟ್‌ನಿಂದ ಒಂದು ಪ್ರಬಂಧರೂಪದ ಉತ್ತರ, ಜೊತೆಗೆ ಒಂದು ಟಿಪ್ಪಣಿ ಅಥವಾ ಒಂದು ಸಮಸ್ಯೆ ಬರೆಯಬೇಕು. ಟಿಪ್ಪಣಿಯನ್ನೇ ಆರಿಸಿಕೊಂಡು, ಒಂದು ಸಮಸ್ಯೆಯನ್ನೂ ಬಿಡಿಸದೆ ಡಿಗ್ರಿ ಪಡೆಯಲು ಸಾಧ್ಯವಿದೆ. ಬಹಳ ಮಂದಿ ಹಾಗೇ ಪಡೆಯುತ್ತಾರೆ. ಪರೀಕ್ಷೆಗೆ ಮುಂಚಿನ ರಾತ್ರಿ ಗೈಡು ಓದಿ ಪಾಸಾದವರು ಮೊದಲ ಜಾಮೀನು ಅರ್ಜಿಯ ದಿನ ನ್ಯಾಯಾಧೀಶರೆದುರು ತಡವರಿಸುವುದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ, ಯಾಕೆಂದರೆ ಅವರ ಹಿಂದೆ ಜೈಲಿನಲ್ಲಿ ಒಬ್ಬ ಮನುಷ್ಯ ಕಾಯುತ್ತಿರುತ್ತಾನೆ. ಆದ್ದರಿಂದ ನಿಮ್ಮ ಕಾಲೇಜು ಹೇಗೇ ಇರಲಿ, ಸಮಸ್ಯೆಯನ್ನೇ ಆರಿಸಿಕೊಳ್ಳಿ. ವಾರಕ್ಕೊಂದು ಸಮಸ್ಯೆ, ಮೂರು ಗೆಳೆಯರು: ಒಬ್ಬ ಸರ್ಕಾರಿ ಅಭಿಯೋಜಕ, ಒಬ್ಬ ಆರೋಪಿ ಪರ, ಒಬ್ಬ ನ್ಯಾಯಾಧೀಶ. ಶುಲ್ಕ ಕಡಿಮೆಯ ಕಾಲೇಜಿನ ಕೊರತೆಯನ್ನು ಅರ್ಧ ತುಂಬುವುದು ಈ ಮೂರು ಕುರ್ಚಿಗಳೇ.

ಬ್ಯಾಂಕಿನವರಿಗೆ ಅಡ್ಡ ಬಂದದ್ದು ಹಾಜರಾತಿ. ಬೆಳಗಿನ ತರಗತಿ ಇರುವ ಕಾಲೇಜು ಸಿಕ್ಕರೂ ಹತ್ತು ಗಂಟೆಗೆ ಕೌಂಟರಿನಲ್ಲಿರಬೇಕು. "ಹಾಜರಾತಿ ನಾವು ನೋಡ್ಕೊಳ್ತೀವಿ, ನೀವು ಪರೀಕ್ಷೆಗೆ ಬಂದರೆ ಸಾಕು" ಎಂದು ಒಂದು ಕಡೆ ಹೇಳಿದರಂತೆ. ಬೇಡ ಎಂದೆ. ನಾಳೆ ಆ ಹಾಜರಾತಿ ಪ್ರಶ್ನೆಗೆ ಬಂದರೆ ಸನ್ನದೇ ಅಲ್ಲಾಡುತ್ತದೆ. ಸಂಬಳದ ನೌಕರಿಯಲ್ಲಿದ್ದುಕೊಂಡು ವಕೀಲಿ ಮಾಡಲು ನಿಯಮ ಬಿಡುವುದಿಲ್ಲ. ಹಾಗಾಗಿ ಅವರ ಮುಂದಿದ್ದದ್ದು ಎರಡೇ: ಮೂರು ವರ್ಷದ ಉಳಿತಾಯ ಕೈಲಿಟ್ಟುಕೊಂಡು ಕೆಲಸ ಬಿಡುವುದು, ಇಲ್ಲವೇ ಅರಿವಿಗಾಗಿ ಓದುವುದು. ಸಿವಿಲ್ ನ್ಯಾಯಾಧೀಶರ ಹುದ್ದೆ ಅವರ ಮನಸ್ಸಿನಲ್ಲಿತ್ತು. ಅದಕ್ಕೆ ಮೂರು ವರ್ಷದ ವಕೀಲಿ ಅನುಭವ ಬೇಕೆಂದು 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕಡ್ಡಾಯ ಮಾಡಿದೆ. ಅಂದರೆ ಒಟ್ಟು ಆರು ವರ್ಷ. ಇಬ್ಬರು ಮಕ್ಕಳ ತಂದೆ, ಈ ಲೆಕ್ಕ ಮನೆಯಲ್ಲಿ ಹೆಂಡತಿಯ ಜೊತೆ ಕೂತು ಹಾಕಿ ಎಂದು ಕಳಿಸಿದೆ. ಒಂದು ಸಮಾಧಾನದ ಸಂಗತಿ, ಸುಪ್ರೀಂ ಕೋರ್ಟಿನ 2024ರ ತೀರ್ಪಿನ ನಂತರ ವಕೀಲರ ನೋಂದಣಿಗೆ ರಾಜ್ಯ ಬಾರ್ ಕೌನ್ಸಿಲ್‌ಗಳು ಕಾಯ್ದೆಯಲ್ಲಿರುವ 750 ರೂಪಾಯಿಗಿಂತ ಹೆಚ್ಚು ಶುಲ್ಕ ಕೇಳುವಂತಿಲ್ಲ. ಪರಿಶಿಷ್ಟರಿಗೆ ಅದು 125.

ಅಪರಾಧಶಾಸ್ತ್ರದ ಡಿಗ್ರಿ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ಕಲಿಸುತ್ತಾರೆ. ಒಳ್ಳೆಯ ವಿಷಯ, ಆದರೆ ಪ್ರಶ್ನೆ ಬೇರೆ. ಮನುಷ್ಯ ಯಾಕೆ ಕದಿಯುತ್ತಾನೆ ಎಂದು ಅಪರಾಧಶಾಸ್ತ್ರ ಕೇಳುತ್ತದೆ. ಅವನು ಮಾಡಿದ್ದು ಕಳವೇ ಎಂದು ಕಾನೂನು ಕೇಳುತ್ತದೆ. ಪಿಎಸ್‌ಐ ಪರೀಕ್ಷೆ, ವಿಧಿವಿಜ್ಞಾನ ಪ್ರಯೋಗಾಲಯ, ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಆಫೀಸರ್) ಕೆಲಸ ಮನಸ್ಸಿನಲ್ಲಿದ್ದರೆ ಇದನ್ನು ಆರಿಸಬಹುದು. ಬಿಎನಲ್ಲಿ ಇದನ್ನು ಓದಿ ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿಗೆ ಬಂದವರಿಗೆ ಮರಣೋತ್ತರ ವರದಿ ಓದಲು ಬರುತ್ತದೆ, ಅದು ಸಣ್ಣ ಲಾಭವಲ್ಲ.

ಡಿಗ್ರಿ ಇಲ್ಲದೆ ಓದುವುದು

ಕಾನ್‌ಸ್ಟೆಬಲ್‌ಗೆ ನಾನು ಹೇಳಿದ್ದು ಇದು. ಕಾಯ್ದೆಗಳ ಪೂರ್ಣ ಪಠ್ಯ ಸರ್ಕಾರದ ಇಂಡಿಯಾ ಕೋಡ್ ತಾಣದಲ್ಲಿ ಪುಕ್ಕಟೆ. ಸುಪ್ರೀಂ ಕೋರ್ಟಿನ ತೀರ್ಪುಗಳು 2023ರಿಂದ ಅದರದೇ ಇ-ಎಸ್‌ಸಿಆರ್ ಎಂಬ ತಾಣದಲ್ಲಿ ಪುಕ್ಕಟೆ. ಸರ್ಕಾರದ 'ಸ್ವಯಂ' ಎಂಬ ಆನ್‌ಲೈನ್ ಕಲಿಕಾ ವೇದಿಕೆಯಲ್ಲಿ ಕಾನೂನಿನ ಕೋರ್ಸುಗಳೂ ಇರುತ್ತವೆ. ಖರ್ಚು ಒಂದು ಬೇರ್ ಆಕ್ಟ್, ಅಂದರೆ ಕಾಯ್ದೆಯ ಮೂಲಪಠ್ಯವಷ್ಟೇ ಇರುವ ಪುಸ್ತಕದ್ದು ಮಾತ್ರ.

ಕೊರತೆ ಒಂದೇ, ಎದುರು ಪ್ರಶ್ನೆ ಕೇಳುವವರು ಇರುವುದಿಲ್ಲ. ಅದಕ್ಕೆ ಬದಲಿಯೂ ಇದೆ. ಕ್ರಿಮಿನಲ್ ವಿಚಾರಣೆ ತೆರೆದ ನ್ಯಾಯಾಲಯದಲ್ಲಿ ನಡೆಯಬೇಕೆಂದು ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾಯ್ದೆಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 366 ಹೇಳುತ್ತದೆ. ಅತ್ಯಾಚಾರದಂಥ ಪ್ರಕರಣ ಬಿಟ್ಟರೆ ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂತು ನೋಡಬಹುದು. ಮೊಬೈಲ್ ಬಂದ್ ಇರಲಿ, ಮಾತು ಬೇಡ. ಬೆಳಿಗ್ಗೆ ಹನ್ನೊಂದಕ್ಕೆ ಸೆಷನ್ಸ್ ಕೋರ್ಟಿಗೆ ಹೋಗಿ ಕೊನೆಯ ಹಂತದ ವಾದ ನಡೆಯುವ ಒಂದು ಕೇಸು ಹುಡುಕಿ. ಎರಡೂ ಕಡೆಯ ವಾದ ಮುಗಿದ ಮೇಲೆ, ತೀರ್ಪು ಬರುವ ಮುಂಚೆ, ನಿಮ್ಮ ತೀರ್ಪನ್ನು ಒಂದು ಪುಟದಲ್ಲಿ ಬರೆಯಿರಿ. ಆಮೇಲೆ ನ್ಯಾಯಾಧೀಶರದನ್ನು ಹೋಲಿಸಿ ನೋಡಿ. ಇಂಥ ಹತ್ತು ಪುಟ ಬರೆದವರಿಗೆ ತಾವೇ ಪ್ರಶ್ನೆ ಕೇಳಿಕೊಳ್ಳುವುದು ರೂಢಿಯಾಗುತ್ತದೆ.

ಎಲ್ಲಿಂದ ಶುರುಮಾಡಬೇಕು ಎಂದು ಅವನು ಕೇಳಿದ. ನ್ಯಾಯ ಸಂಹಿತೆಯ ಕಲಂ 14ರಿಂದ 44ರವರೆಗೆ, ಸಾಮಾನ್ಯ ವಿನಾಯಿತಿಗಳು. ಯಾವುದು ಅಪರಾಧವಲ್ಲ ಎಂದು ತಿಳಿದವನಿಗೆ ಯಾವುದು ಅಪರಾಧ ಎಂಬುದು ಬೇಗ ತಿಳಿಯುತ್ತದೆ. ಆಮೇಲೆ 3ನೇ ಕಲಮಿನ 5ನೇ ಉಪಕಲಂ, ಸಮಾನ ಉದ್ದೇಶ. ಅವನ ಠಾಣೆಯಲ್ಲಿ ಹಳೆಯ 34 ಎಂದು ದಿನಾ ಬರೆಯುತ್ತಿದ್ದದ್ದು ಇದೇ. ಜಗಳದ ಜಾಗದಲ್ಲಿ ಸುಮ್ಮನೆ ನಿಂತವನಿಗೂ ಅದನ್ನು ಅಂಟಿಸುವುದು ಯಾಕೆ ತಪ್ಪು ಎಂದು ತಿಳಿಯಲು 1945ರ ಮೆಹಬೂಬ್ ಷಾ ತೀರ್ಪು ಓದು ಎಂದೆ. ಒಂದೇ ಬಗೆಯ ಉದ್ದೇಶ ಇಬ್ಬರಿಗಿದ್ದರೆ ಸಾಲದು, ಉದ್ದೇಶ ಹಂಚಿಕೊಂಡದ್ದಾಗಿರಬೇಕು, ಮೊದಲೇ ಮನಸ್ಸು ಕೂಡಿರಬೇಕು ಎಂದು ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ ಅಲ್ಲಿ ಹೇಳಿತು. ಪೊಲೀಸರಿಗೆ ಇದು ಗೊತ್ತಿದ್ದರೆ ಎಷ್ಟೋ ಮನೆಯ ಅಣ್ಣತಮ್ಮಂದಿರ ಹೆಸರು ದೋಷಾರೋಪ ಪಟ್ಟಿಗೆ ಸೇರುವುದಿಲ್ಲ.

ಎಲ್‌ಎಲ್‌ಎಂ ಬಗ್ಗೆಯೂ ಕೇಳುತ್ತಾರೆ. ಅದು ಎಲ್‌ಎಲ್‌ಬಿ ಆದವರಿಗೆ, ಪಾಠ ಮಾಡುವ ಅಥವಾ ಸಂಶೋಧನೆಯ ಮನಸ್ಸಿದ್ದವರಿಗೆ. ಬುನಾದಿ ಕಲಿಯಲು ಅಲ್ಲಿಯವರೆಗೆ ಕಾಯಬೇಡಿ. ಐಎಎಸ್‌ಗೆ ಓದುವವರಿಗೆ ಕಾನೂನು ಐಚ್ಛಿಕ ವಿಷಯವಾಗಿದ್ದು ಎರಡನೇ ಪತ್ರಿಕೆಯಲ್ಲಿ ಅಪರಾಧ ಕಾನೂನು ಇದೆ. ಎಲ್‌ಎಲ್‌ಬಿ ಇಲ್ಲದೆಯೂ ಆರಿಸಿಕೊಳ್ಳಬಹುದು, ಆದರೆ ಸಮಸ್ಯೆ ಬಿಡಿಸಿ ಅಭ್ಯಾಸವಿಲ್ಲದವರಿಗೆ ಅದು ಭಾರ.

ಕಾಲೇಜು ಗೊತ್ತುಮಾಡುವ ಮುನ್ನ ಒಂದು ದಿನ ಹೋಗಿ ಬನ್ನಿ. ಪ್ರಾಂಶುಪಾಲರ ಕೊಠಡಿಗಿಂತ ಮೊದಲು ಕ್ಯಾಂಟೀನಿಗೆ ಹೋಗಿ, ಕೊನೆಯ ವರ್ಷದವರ ಜೊತೆ ಚಹಾ ಕುಡಿಯಿರಿ. ಕ್ರಿಮಿನಲ್ ಲಾ ಯಾರು ಮಾಡುತ್ತಾರೆ, ಅವರು ಕೋರ್ಟಿಗೂ ಹೋಗುತ್ತಾರೆಯೇ, ಕಳೆದ ತಿಂಗಳು ತರಗತಿಯಲ್ಲಿ ಯಾವ ಕೇಸಿನ ಮೇಲೆ ವಾದ ನಡೆಯಿತು ಎಂದು ಕೇಳಿ. ಕೇಸಿನ ಹೆಸರು ಹೇಳಿ, "ಅದು ಕೊಲೆಯಲ್ಲ, ಹೇಗೆ ಅಂದ್ರೆ" ಎಂದು ಅವರು ತಾವಾಗಿಯೇ ಬಿಡಿಸಿ ಹೇಳತೊಡಗಿದರೆ ಆ ಕಾಲೇಜಿನ ಕಟ್ಟಡ ಹಳೆಯದಿದ್ದರೂ ಸೇರಿಸಿ. ಉತ್ತರ ಸಿಗುವವರೆಗೆ ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಕೊಡಬೇಡಿ.